ಖಾಲಿ ಬಿಟ್ಟ ಎರಡು ರಂಧ್ರ

ಮಾರ್ಚ್ 9, ಶನಿವಾರ, ಸಂಜೆ 5 ಗಂಟೆ 40 ನಿಮಿಷ.

"ಇದೇನಿದು? ಬಲಗಾಲಿಗೊಂದು ಥರ, ಎಡಗಾಲಿಗೊಂದು ಥರ?"

ರಿಪೇರಿಗೆ ಕೊಟ್ಟಿದ್ದ ಬೂಟು ಹಾಕಿಕೊಂಡು ನೋಡಿ ಅವಳು ಕೇಳಿದಳು. ಬೂಟು ರಿಪೇರಿಯವನು ತಲೆ ಎತ್ತಿದ. ಅವಳ ಬಲ ಬೂಟಿನ ಲೇಸ್ ಎಲ್ಲ ರಂಧ್ರಗಳನ್ನೂ ದಾಟಿ ಮೇಲೇರಿತ್ತು. ಎಡ ಬೂಟಿನಲ್ಲಿ ಮಾತ್ರ, ಪಾದದ ಉಬ್ಬಿನ ಮೇಲೆ, ಎರಡು ರಂಧ್ರ ಖಾಲಿ.

"ಅಲ್ಲಿ ಲೇಸ್ ಬಿಗಿದ್ರೆ ನಿಮಗೆ ನೋಯತ್ತೆ. ಮೂರು ತಿಂಗಳಿಂದ ನೀವು ನಡೆಯೋದು ನೋಡ್ತಿದ್ದೀನಿ."

ಮೂರು ತಿಂಗಳು... ದಿನಾ ಅಂಗಡಿಯ ಈ ಗಾಜಿನ ಮುಂದೆ ಹಾಯುವಾಗ ಅವಳ ಎದೆ ಡವಗುಟ್ಟುತ್ತಿತ್ತು. ಅವನು ನೋಡಿದ್ದು ಇದನ್ನೇ?

ಚಿಕ್ಕಂದಿನಲ್ಲಿ ಮುರಿದು ಕೂಡಿದ ಆ ಪಾದದ ವಿಷಯ ಅವಳು ಕೆಲಸ ಮಾಡುವ ಸರ್ವೆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೋಮವಾರ ಉಪಕರಣ ಹೊತ್ತು ಹನ್ನೆರಡು ಕಿಲೋಮೀಟರ್ ನಡೆದು ತೋರಿಸಿದರೆ ಅವಳಿಗೆ ಬಯಲಿನಲ್ಲಿ ಭೂಮಿ ಅಳೆಯುವ ಕೆಲಸ. ಇಲ್ಲವಾದರೆ ನಕ್ಷೆ ಬಿಡಿಸುವ ಅದೇ ಕುರ್ಚಿ.

"ನನ್ನ ಕುಂಟನ್ನ ಊರಿಗೆಲ್ಲ ಸಾರಬೇಕಿತ್ತಾ ನೀವು?"

ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಮನೆಗೆ ಬಂದವಳೇ ಲೇಸ್ ಬಿಚ್ಚಿ, ಎರಡೂ ಬೂಟುಗಳಿಗೆ ಒಂದೇ ಸಮ ಬಿಗಿದಳು. ಭಾನುವಾರ ಅಭ್ಯಾಸಕ್ಕೆಂದು ಹೊರಟಳು. ಐದನೇ ಕಿಲೋಮೀಟರಿಗೆ ಎಡಪಾದ ಮರಗಟ್ಟಿತು.

ನಡೆದದ್ದನ್ನೆಲ್ಲ ಕೇಳಿದ ಅತ್ತಿಗೆ ಬಿಸಿನೀರಿನ ಬೋಗುಣಿ ತಂದಿಟ್ಟಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೇಸ್ ಬಿಚ್ಚಿದ್ದು ನೀನು, ಬೈಸಿಕೊಂಡಿದ್ದು ಅವನು."

"ಅವನ ಪರ ವಹಿಸ್ಬೇಡಿ ಅತ್ತಿಗೆ."

"ನಾನ್ಯಾಕೆ ವಹಿಸ್ಲಿ? ನಿನ್ನ ಪಾದವೇ ವಹಿಸ್ತಿದೆಯಲ್ಲ."

ಸಂಜೆ ಅವಳು ಅಂಗಡಿಯ ಮೆಟ್ಟಿಲ ಬಳಿ ತಡವರಿಸುತ್ತಾ ನಿಂತಳು. ಅವನು ಅವಳೆದುರು ಗಿಡ್ಡ ಸ್ಟೂಲು ಎಳೆದು ಕೂತ.

"ಹಿಮ್ಮಡಿ ಹಿಂದಕ್ಕೆ ಒತ್ತಿ. ಬೆರಳುಗಳ ಕಡೆ ಸಡಿಲ ಇರ್ಲಿ, ಕಣಕಾಲಿನ ಹತ್ರ ಬಿಗಿ." ಮತ್ತೆ ಅದೇ ಎರಡು ರಂಧ್ರ ಬಿಟ್ಟ. "ಈಗ?"

ನೋವು ಇರಲಿಲ್ಲ. ಅವಳ ಕಣ್ಣು ತುಂಬಿತು.

"ಮೂರು ತಿಂಗಳೂ ನನ್ನ ಕಾಲನ್ನೇ ನೋಡ್ತಿದ್ರಾ?" ಮೆಲ್ಲಗೆ ಕೇಳಿದಳು.

"ಮುಖ ನೋಡ್ತಿದ್ದೆ. ಎಡಗಾಲು ಊರಿದಾಗೆಲ್ಲ ಹುಬ್ಬು ಗಂಟಿಕ್ತಿತ್ತು. ಕಾಲನ್ನಷ್ಟೇ ನೋಡಿದ್ರೆ ನೋವು ಹೇಗೆ ಗೊತ್ತಾಗತ್ತೆ?" ಅವನ ಕಿವಿ ಕೆಂಪಾಗಿತ್ತು. "ಹೇಳಿ ಕಟ್ಟಬೇಕಿತ್ತು. ಅದು ನನ್ನ ತಪ್ಪು."

ಸೋಮವಾರ ಸಂಜೆ ಅವಳು ಬಂದಾಗ ಬೂಟಿನ ತುಂಬಾ ಕೆಂಪು ಧೂಳು.

"ಮುಗೀತಾ?"

"ಹನ್ನೆರಡೂ ಮುಗೀತು. ಕೆಲಸ ನನ್ನದೇ."

ಅವನು ನಕ್ಕ. ಆಮೇಲೆ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ. "ಹಾಗಾದ್ರೆ ಇನ್ಮೇಲೆ ನೀವು ದಿನಾ ಈ ದಾರೀಲಿ ಬರಲ್ಲ."

ಹೇಳಲೇ, ಬೇಡವೇ... ಅವಳು ತನ್ನ ಬೂಟಿನ ಆ ಖಾಲಿ ರಂಧ್ರಗಳನ್ನು ನೋಡಿದಳು. ಮುಚ್ಚಿಟ್ಟದ್ದು ಸಾಕು ಅನ್ನಿಸಿತು.

"ಕಚೇರಿಗೆ ಇದು ದಾರಿಯೇ ಅಲ್ಲ. ನಿಮ್ಮನ್ನ ನೋಡೋಕೇ ಸುತ್ತಿ ಬರ್ತಿದ್ದೆ. ಇನ್ಮೇಲೂ ಬರ್ತೀನಿ."

"ಆ ಕಾಲಲ್ಲಿ? ಎಷ್ಟು ಸುತ್ತು?"

ಸರ್ವೆಯವಳು ಅಳೆಯದೇ ಬಿಡುತ್ತಾಳೆಯೇ?

"ನಾನೂರ ಹನ್ನೆರಡು ಮೀಟರ್."