ಗಂಗು ಕೊಡದ ಮಾತ್ರೆ

“ಮಗೂಗೆ ಮನೇಲಿ ಏನಾದ್ರೂ ಮಾತ್ರೆ ಕೊಟ್ಟಿದ್ರಾ?” ಎಂದು ಡಾಕ್ಟರ್ ಮನ್ಸೂರ್ ಅಲಿ ಕೇಳಿದರು.

“ಇಲ್ಲ ಸ್ವಾಮಿ. ದಾಳಿಂಬೆ ಸಿಪ್ಪೆ ಕಷಾಯ, ಅಷ್ಟೇ,” ಎಂದರು ಶಿವರುದ್ರಮ್ಮಜ್ಜಿ. ಹೇಳುವಾಗ ಅವರ ಕಣ್ಣು ಗೋಡೆಯ ಮೇಲಿತ್ತು.

ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಗಂಗು ಅಜ್ಜಿಯ ಮುಖ ನೋಡಿದಳು. ನಾಲ್ಕು ವರ್ಷದ ತಮ್ಮ ಶಿವು ಬೆಂಚಿನ ಮೇಲೆ ಬಾಡಿದ ಸೊಪ್ಪಿನಂತೆ ಮಲಗಿದ್ದ. ಮೂರು ದಿನದಿಂದ ರಕ್ತಭೇದಿ. ಅಳುವುದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ.

ಡಾಕ್ಟರು ಚೀಟಿ ಬರೆದು, ಡಬ್ಬಿಯಿಂದ ಒಂದು ಕ್ಯಾಪ್ಸೂಲ್ ತೆಗೆದು ತೋರಿಸಿದರು. ಕೆಂಪು, ಹಳದಿ ಬಣ್ಣ. ಗಂಗುವಿಗೆ ಅದು ಚೆನ್ನಾಗಿ ಗೊತ್ತು!

ಆಗ, ಎಂಬತ್ನಾಲ್ಕನೇ ಇಸವಿಯಲ್ಲಿ, ಗುಬ್ಬಿಯ ಅವರ ಬೀದಿಯವರು ಹೆಪ್ಪು ಕಡ ಕೊಟ್ಟಂತೆ ಕ್ಯಾಪ್ಸೂಲನ್ನೂ ಕೊಡುತ್ತಿದ್ದರು. ಎರಡು ದಿನ ನುಂಗಿ ಹೊಟ್ಟೆ ನೆಟ್ಟಗಾದರೆ ಸಾಕು, ಉಳಿದದ್ದು ಅಜ್ಜಿಯ ಕಾಫಿಪುಡಿ ಡಬ್ಬಿಗೆ. ಯಾರ ಹೊಟ್ಟೆ ಕೆಟ್ಟರೂ ಆ ಡಬ್ಬಿಯೇ ಗತಿ. ಅದರ ಯಜಮಾನಿಕೆ ಗಂಗುವಿನದು. ಶಿವುಗೂ ಅವಳೇ ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿದ್ದಳು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಜ್ಜಿ ಅದನ್ನು ಮುಚ್ಚಿಟ್ಟಿದ್ದರು. ಗಂಗುವಿಗೆ ತಡೆಯಲಾಗಲಿಲ್ಲ.

“ಕೊಟ್ಟಿದೀನಿ ಸಾರ್! ಇದೇ ಬಣ್ಣದ್ದು. ಮೂರು ದಿನದಿಂದ. ಏನೂ ಕಮ್ಮಿ ಆಗ್ಲಿಲ್ಲ.”

“ಏನೇ ಗಂಗು!” ಅಜ್ಜಿ ಕಣ್ಣು ಬಿಟ್ಟರು.

ಡಾಕ್ಟರು ಬೈಯಲಿಲ್ಲ. ಬರೆದ ಚೀಟಿಯನ್ನು ಹರಿದು ಹಾಕಿದರು.

“ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಕುಣಿಗಲ್ ಕಡೆ ಮಕ್ಕಳಿಗೂ ಈಗ ಇದು ನಾಟ್ತಿಲ್ಲ. ಅರ್ಧಂಬರ್ಧ ನುಂಗಿ ನಿಲ್ಲಿಸಿದ್ರೆ ಹೊಟ್ಟೇಲಿರೋ ಕ್ರಿಮಿ ಪೂರ್ತಿ ಸಾಯಲ್ಲ. ನಾಲ್ಕು ಏಟು ತಿಂದು ಬಚಾವಾದ ಕಳ್ಳ ಐದನೇ ಏಟಿಗೆ ಹೆದರ್ತಾನಾ? ಅವನೇ ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗ್ತಾನೆ.”

ಯಾವ ಔಷಧಿ ನಾಟುತ್ತದೆ ಎಂದು ತಿಳಿಯಲು ಶಿವುವಿನ ಭೇದಿಯನ್ನು ಸೀಸೆಯಲ್ಲಿ ಹಾಕಿ ತುಮಕೂರಿನ ಲ್ಯಾಬಿಗೆ ಕಳಿಸಬೇಕಿತ್ತು. ಅಪ್ಪ ಊರಲ್ಲಿರಲಿಲ್ಲ. ಪಕ್ಕದ ಮನೆಯ ತಿಪ್ಪಯ್ಯ ಸೀಸೆ ಕಂಡದ್ದೇ ಮೂಗು ಮುಚ್ಚಿ, “ನಂಗೆ ಬಸ್ಸಲ್ಲಿ ವಾಂತಿ ಬತ್ತದೆ” ಎಂದು ಜಾರಿಕೊಂಡರು. ಎದುರು ಮನೆಯ ಕೊಬ್ಬರಿ ವ್ಯಾಪಾರಿ ಅಜ್ಮತುಲ್ಲಾ ಮಾತ್ರ ಸೀಸೆಯನ್ನು ಪೇಪರಿನಲ್ಲಿ ಸುತ್ತಿ ತಮ್ಮ ಅಂಗಿಯ ಜೇಬಿಗೇ ಇಳಿಸಿದರು.

“ಮಗೂದು ಕಣಮ್ಮ. ಇದ್ರಲ್ಲಿ ಅಸಹ್ಯ ಏನ್ ಬಂತು?” ಎಂದು ಬಸ್ಸು ಹಿಡಿದರು.

ಮೂರು ದಿನ ಅಮ್ಮ, ಅಜ್ಜಿ, ಗಂಗು ಸರದಿಯ ಮೇಲೆ ಕೂತು ಶಿವುಗೆ ಸಕ್ಕರೆ ಉಪ್ಪಿನ ನೀರನ್ನು ಚಮಚ ಚಮಚವಾಗಿ ಕುಡಿಸಿದರು. ಲ್ಯಾಬಿನ ಕಾಗದವನ್ನು ತಂದವರೂ ಅಜ್ಮತುಲ್ಲಾ ಮಾಮನೇ. ನಾಲ್ಕು ಔಷಧಿ ನಾಟುವುದಿಲ್ಲ, ಒಂದು ನಾಟುತ್ತದೆ ಎಂದು ಅದರಲ್ಲಿತ್ತು. ಆ ಒಂದನ್ನು ಶುರು ಮಾಡಿದ ಎರಡನೇ ದಿನ ಶಿವು, “ಅಕ್ಕಾ, ಚಕ್ಲಿ” ಎಂದ. ಗಂಗು ಅತ್ತೇ ಬಿಟ್ಟಳು. ಮಾಮನ ಋಣ ಏನು ಕೊಟ್ಟರೂ ತೀರದು ಎನಿಸಿತು.

ಮರುದಿನ ಬೆಳಿಗ್ಗೆ ಮಾಮ ಬಾಗಿಲಲ್ಲಿ ನಿಂತಿದ್ದರು. ಮುಖ ಸಪ್ಪಗಿತ್ತು.

“ನಮ್ ಮಗಳು ರಝಿಯಾಗೂ ಅದೇ ಭೇದಿ ಅಜ್ಜಿ. ಶಿವೂದು ಮಾತ್ರೆ ಒಂದೆರಡು ಕೊಡ್ತೀರಾ?”

“ನಿಮ್ಗಿಲ್ದೆ ಇನ್ಯಾರಿಗಪ್ಪಾ? ಗಂಗೂ, ಕೊಡೇ.”

ಗಂಗು ಪೊಟ್ಟಣ ಹಿಡಿದು ನಿಂತಳು. ಶಿವು ಇನ್ನೂ ಮೂರು ದಿನ ನುಂಗಬೇಕು. ಎರಡು ತೆಗೆದರೆ ಅವನಿಗೂ ಅರ್ಧ, ರಝಿಯಾಗೂ ಅರ್ಧ. ಆದರೆ ಇಷ್ಟು ಮಾಡಿದ ಮಾಮನಿಗೆ ಇಲ್ಲ ಎನ್ನುವುದು ಹೇಗೆ? ಅವಳು ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದಳು.

“ಕೊಡಲ್ಲ ಮಾಮ.”

“ಅಯ್ಯೋ ಶಿವನೇ!” ಅಜ್ಜಿ ತಲೆಯ ಮೇಲೆ ಕೈಹೊತ್ತರು.

“ರಝಿಯಾನ ಈಗ್ಲೇ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಣ. ಅವ್ರು ಸೀಸೆ ಕೊಟ್ರೆ ತುಮಕೂರಿಗೆ ನಾನ್ ತಗೊಂಡ್ ಹೋಗ್ತೀನಿ. ನೀವು ಅವಳಿಗೆ ನೀರು ಕುಡಿಸ್ತಾ ಮನೇಲಿರಿ ಮಾಮ.”

ಮಾಮ ಅವಳನ್ನೇ ನೋಡಿದರು. ಅಜ್ಜಿಯೂ ನೋಡಿದರು. ಆಮೇಲೆ ಅಜ್ಜಿ ಗೂಟದಿಂದ ತಮ್ಮ ಕೈಚೀಲ ತೆಗೆದುಕೊಂಡು, “ನಡಿಯೇ, ನಾನೂ ಬತ್ತೀನಿ” ಎಂದರು.

ಡಾಕ್ಟರು ರಝಿಯಾಗೂ ಸೀಸೆ ಕೊಟ್ಟರು. ಅಜ್ಜಿ, ಗಂಗು ಹತ್ತಿದ ಮಧ್ಯಾಹ್ನದ ಬಸ್ಸು ತುಂಬಿತ್ತು. ಪಕ್ಕದಲ್ಲಿ ಕೂತ ಹೆಂಗಸು, “ಏನಮ್ಮ ಅದು, ಅಷ್ಟು ಜೋಪಾನವಾಗಿ ಹಿಡ್ಕೊಂಡಿದೀಯ?” ಎಂದು ಕೇಳಿದಳು.

“ನಮ್ ರಝಿಯಾದು,” ಎಂದಳು ಗಂಗು.

ಬಸ್ಸು ಕುಲುಕಿದಾಗ ಪೇಪರಿನ ಆ ಪುಟ್ಟ ಸುರುಳಿಯನ್ನು ಇನ್ನೊಂದು ಕೈಯನ್ನೂ ಕೊಟ್ಟು ಎದೆಗೆ ಹಿಡಿದುಕೊಂಡಳು.