ಕೆಡದ ಗಾಡಿ

ಹಳೆಯ ಜರ್ಮನ್ ಗಾಡಿಯ ಮುಂದಿನ ಒಂದು ಗಾಲಿಯ ಏರ್ ಸಸ್ಪೆನ್ಷನ್ ಕೆಟ್ಟರೆ ಒಂದು ಲಕ್ಷ ಹತ್ತು ಸಾವಿರ. ಗೇರ್‌ಬಾಕ್ಸಿನ ಕಂಪ್ಯೂಟರ್ ಹೋದರೆ ಎರಡೂವರೆ ಲಕ್ಷ. ಒಂದು ಹೆಡ್‌ಲೈಟಿಗೆ ಕೊಡುವ ದುಡ್ಡಿನಲ್ಲಿ ಹೊಸ ಬೈಕ್ ಬರುತ್ತದೆ. ಅದೇ ವಯಸ್ಸಿನ ಜಪಾನಿ ಗಾಡಿ ವರ್ಷಕ್ಕೆ ಕೇಳುವುದು ಆಯಿಲ್, ಫಿಲ್ಟರ್, ಒಮ್ಮೊಮ್ಮೆ ಬ್ರೇಕ್ ಪ್ಯಾಡ್. ಹದಿನಾಲ್ಕು ಸಾವಿರದೊಳಗೆ ಕೆಲಸ ಮುಗಿಯುತ್ತದೆ.

ಈ ಲೆಕ್ಕ ಕೊರೋಚಿಯ ಅಮರನಿಗೆ ಬಾಯಿಪಾಠ. ಇಚಲಕರಂಜಿ ರಸ್ತೆಯ ಪಕ್ಕದಲ್ಲಿ ಅವನದೊಂದು ಬಾಡಿಗೆಯ ತಗಡಿನ ಗ್ಯಾರೇಜು. ಸೆಕೆಂಡ್‌ಹ್ಯಾಂಡ್ ದೊಡ್ಡ ಗಾಡಿ ಕೊಳ್ಳುವವರು ಮೊದಲು ಅವನನ್ನು ಕರೆದೊಯ್ದು ತೋರಿಸುತ್ತಿದ್ದರು. ಅವನು ಬಾನೆಟ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಹೂಂ ಅಂದರೆ ವ್ಯವಹಾರ. ಊಹೂಂ ಅಂದರೆ ಎಲ್ಲರೂ ಎದ್ದು ಮನೆಗೆ. ಗಾಡಿಯ ವಿಷಯದಲ್ಲಿ ಅವನು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಹೇಳಬೇಕಾಗಿದ್ದ ಒಂದೇ ಒಂದು ಸುಳ್ಳನ್ನು ಅವನು ಹೇಳದೆ ಹೋದ ಕಥೆ ಇದು.

ಅಪ್ಪಣ್ಣ ಹದಿನಾರನೆಯ ವಯಸ್ಸಿಗೆ ರಾಯಬಾಗದ ಕಡೆಯಿಂದ ಬಂದು, ಇಪ್ಪತ್ತು ವರ್ಷ ಬೇರೆಯವರ ಮಗ್ಗ ನಡೆಸಿ, ಈಗ ಇಪ್ಪತ್ತನಾಲ್ಕು ಪವರ್‌ಲೂಮಿನ ಸ್ವಂತ ಶೆಡ್ ಮಾಡಿಕೊಂಡವನು. ಅಮರನ ತಾಯಿ ರಾಯವ್ವ ಅದೇ ಶೆಡ್ಡಿನಲ್ಲಿ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅಪ್ಪಣ್ಣನ ಒಬ್ಬಳೇ ಮಗಳು ವೃಷಾಲಿ, ಬಿ.ಕಾಂ. ಮುಗಿಸಿ, ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವ ಕೆಲಸ ನೋಡಿಕೊಳ್ಳುತ್ತಿದ್ದಳು. ನೂರು ಮೀಟರಿನಲ್ಲಿ ಒಂದೇ ಎಳೆ ಕಡಿದಿದ್ದರೂ ಅವಳ ಬೆರಳು ಅಲ್ಲಿ ನಿಲ್ಲುತ್ತಿತ್ತು.

ಗಡಹಿಂಗ್ಲಜದಿಂದ ಅವಳಿಗೊಂದು ಸಂಬಂಧ ಬಂತು. ಹುಡುಗ ಪ್ರತೀಕ, ಎರಡು ಬಟ್ಟೆ ಅಂಗಡಿ, ಮೂರಂತಸ್ತಿನ ಮನೆ. ಅಪ್ಪಣ್ಣ ಮನೆ ನೋಡಿಬರಲು ಬಟ್ಟೆ ಸಾಗಿಸುವ ತನ್ನ ಟೆಂಪೋದಲ್ಲೇ ಹೋದ. ಗೇಟಿನಲ್ಲಿದ್ದ ಹುಡುಗನ ಸೋದರಮಾವ ತಲೆ ಎತ್ತದೆ, "ಮಾಲ ಮಾಗಚ್ಯಾ ದಾರಾಲಾ ಘ್ಯಾ" ಅಂದ. ಮಾಲನ್ನು ಹಿಂದಿನ ಬಾಗಿಲಿಗೆ ಒಯ್ಯಿ ಎಂದು.

ಆಮೇಲೆ ಅವರು ಕೈಮುಗಿದರು, ಚಹಾ ಕೊಟ್ಟರು, ಸಂಬಂಧವೂ ಒಪ್ಪಿಗೆಯಾಯಿತು. ಆದರೆ ಅಪ್ಪಣ್ಣನ ಗಂಟಲಲ್ಲಿ ಆ ಮಾತು ಸಿಕ್ಕಿಕೊಂಡಿತು.

"ಮಗಳ ನಿಶ್ಚಿತಾರ್ಥಕ್ಕ, ಸಾಕರಪುಡಾಕ್ಕ, ನಾ ದೊಡ್ಡ ಗಾಡ್ಯಾಗ ಹೋಗಾಂವ," ಅಂದ ಅಮರನಿಗೆ. "ಗಾಡಿ ಸಿಗೂತನಕ ತಾರೀಖ ಇಲ್ಲ. ನೀ ನೋಡಿ ಆರಿಸಿ ಕೊಡು."

ಮೊದಲ ಭಾನುವಾರ ಕೊಲ್ಹಾಪುರದ ಹೈವೇ ಪಕ್ಕದ ಡೀಲರ್ ಬಳಿ ಜರ್ಮನ್ ಗಾಡಿ. ಅಮರ ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಅಪ್ಪಣ್ಣ, ಹಿಂದೆ ವೃಷಾಲಿ. ಬಾಗಿಲು ಮುಚ್ಚಿದೊಡನೆ ಹೊರಗಿನ ಲೋಕ ಆರಿಹೋಯಿತು.

"ಭಾಳ ಚಲೋ ಐತಲ್ಲೋ!" ಎಂದು ಅಪ್ಪಣ್ಣ ಕೂಗಿದ. ಮಗ್ಗದ ಸದ್ದಿನಲ್ಲಿ ಬೆಳೆದ ಗಂಟಲು. ಕಾರಿನ ಗಾಜೇ ನಡುಗಿತು. ಬಿಸಿಲಿಗೆಂದು ತಲೆಯ ಮೇಲಿನ ಹಲಗೆ ಇಳಿಸಿದ. ಅದರೊಳಗೆ ಕನ್ನಡಿ, ಕನ್ನಡಿಗೊಂದು ದೀಪ. ಮಕ್ಕಳ ಹಾಗೆ ಹಿಗ್ಗಿ ಮೀಸೆ ತೀಡಿಕೊಂಡ.

ಅಮರ ಮೇಲಿನ ಕನ್ನಡಿಯಲ್ಲಿ ಹಿಂದೆ ನೋಡಿದ. ವೃಷಾಲಿಯ ತುಟಿಗಳು ಸದ್ದಿಲ್ಲದೆ ಆಡಿದವು: 'ಅಪ್ಪಗ ಹೇಳೋ, ಇಲ್ಲಿ ಮಗ್ಗ ಇಲ್ಲ ಅಂತ.'

ಅವನು ನಗು ತಡೆಯಲು ಕೆಮ್ಮಬೇಕಾಯಿತು.

ಶೆಡ್ಡಿನಲ್ಲಿ ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವರ ಮಾತೂ ಕೇಳುವುದಿಲ್ಲ. ಅಲ್ಲಿ ಜನ ದನಿ ತೆಗೆಯುವುದಿಲ್ಲ; ತುಟಿ ಆಡಿಸುತ್ತಾರೆ, ತುಟಿ ಓದುತ್ತಾರೆ. ಅಮರ, ವೃಷಾಲಿ ಇಬ್ಬರೂ ಮಾತಿನ ಜೊತೆಗೇ ಈ ವಿದ್ಯೆಯನ್ನೂ ಕಲಿತವರು. ದನಿಯಲ್ಲಿ ಅವರು ಒಬ್ಬರಿಗೊಬ್ಬರು 'ನೀವು', 'ರೀ'. ತುಟಿಯಲ್ಲಿ ಮಾತ್ರ 'ನೀ'.

ಆ ಗಾಡಿಯ ಗೇರ್‌ಬಾಕ್ಸು ಇಳಿಜಾರಿನಲ್ಲಿ ಜಗ್ಗುತ್ತಿತ್ತು. ಅಮರ ಊಹೂಂ ಅಂದ. ಕನ್ನಡಿಯಲ್ಲಿ ವೃಷಾಲಿಯ ಕಣ್ಣು ಮೆಲ್ಲಗೆ ನಕ್ಕಿತು.

ಎರಡನೆಯದರ ಸಸ್ಪೆನ್ಷನ್ ಸೋರುತ್ತಿತ್ತು. ಮೂರನೆಯದು, ಜಪಾನಿ, ಹಳೆಯ ಮಹಾಪೂರದಲ್ಲಿ ಮುಳುಗಿ ಎದ್ದದ್ದು; ಸೀಟಿನ ಬೆಲ್ಟನ್ನು ಪೂರ್ತಿ ಎಳೆದಾಗ ತುದಿಯಲ್ಲಿ ಪಂಚಗಂಗಾ ನದಿಯ ಕೆಸರು ಒಣಗಿ ಕೂತಿತ್ತು. ಒಂದೊಂದು ಊಹೂಂ ಅವರಿಬ್ಬರಿಗೂ ಒಂದೊಂದು ಭಾನುವಾರ ತಂದುಕೊಟ್ಟಿತು. ನಾಲ್ಕು ತಿಂಗಳು ಹೀಗೆಯೇ ಹೋಯಿತು.

ಒಮ್ಮೆ ಹಾತಕಣಂಗಲೆಯಲ್ಲಿ ಚಹಾಕ್ಕೆ ನಿಂತಾಗ ಅಪ್ಪಣ್ಣ ಫೋನು ಹಿಡಿದು ದೂರ ಹೋದ.

"ಜರ್ಮನ್ ಚಲೋನೋ ಜಪಾನಿ ಚಲೋನೋ, ಒಂದ ಸಲ ನಿಕ್ಕಿ ಮಾಡಿ ಹೇಳ್ರಲಾ," ಅಂದಳು ವೃಷಾಲಿ, ಗ್ಲಾಸಿನ ಅಂಚಿನ ಮೇಲಿಂದ ನೋಡುತ್ತ.

"ಜರ್ಮನ್ ಗಾಡಿ ರಸ್ತಾ ಹಿಡದು ಕುಂತ್ರ ನೋಡ್ರಿ, ತಿರುವಿನ್ಯಾಗ ಸ್ಟೀರಿಂಗ್ ನಿಮ್ಮ ಕೈಯಾಗ ಮಾತಾಡ್ತದ. ಒಮ್ಮೆ ಹೊಡದಾಂವ ಬ್ಯಾರೇದು ಕೇಳೂದಿಲ್ಲ. ಆದ್ರ ಅದಕ್ಕ ದಿನಾ ಲಕ್ಷ್ಯ ಬೇಕು. ಹತ್ತ ವರ್ಷ ಆತಂದ್ರ ಸಿಟ್ಟು, ಸೆಡವು, ಒಂದಲ್ಲ ಒಂದು ಲೈಟ್ ಹತ್ತೇ ಇರ್ತದ."

"ಮತ್ತ ಜಪಾನಿ?"

"ಅದು ಸುಮ್ನ ಇರ್ತದ್ರಿ. ಜಂಬ ಇಲ್ಲ, ಜಗಳ ಇಲ್ಲ. ಹೇಳಿದ ಊರಿಗೆ ಹೇಳಿದ ಹೊತ್ತಿಗೆ ಮುಟ್ಟಿಸ್ತದ."

"ನೀವು ಯಾವ ದೇಶದವ್ರು ಹಂಗಾರ?"

"ನಾನ್ರಿ? ಕೊರೋಚಿ."

ಅವಳು ನಕ್ಕ ಭರಕ್ಕೆ ಚಹಾ ದುಪಟ್ಟಾದ ಮೇಲೆ ಚೆಲ್ಲಿತು. ಅವನು ಒರೆಸಲು ಜೇಬಿನಿಂದ ಬಟ್ಟೆ ತೆಗೆದ. ಅದು ಆಯಿಲ್ ಬಟ್ಟೆ. ಅವಳು ಮತ್ತೂ ನಕ್ಕಳು. ಆ ಕಲೆ ಹೋಗಲಿಲ್ಲ. ಮುಂದಿನ ಭಾನುವಾರವೂ ಅವಳು ಅದೇ ದುಪಟ್ಟಾ ಹಾಕಿಕೊಂಡು ಬಂದಳು.

ಅವ್ವನಿಗೆ ಬುತ್ತಿ ಕೊಡಲು ಅವನು ಶೆಡ್ಡಿಗೆ ಹೋದ ಒಂದು ಮಧ್ಯಾಹ್ನ, ಎಂಟು ಮಗ್ಗಗಳ ಆಚೆಯಿಂದ ವೃಷಾಲಿ ತುಟಿಯಲ್ಲಿ ಕೇಳಿದಳು: 'ಅಪ್ಪಗ ಯಾವಾಗ ಕೇಳ್ತಿ?'

'ಸ್ವಂತ ಜಾಗಾ ಆಗ್ಲಿ,' ಅಂದ ಅವನೂ ತುಟಿಯಲ್ಲೇ. 'ಈಗ ಕೇಳಿದ್ರ, ಕಂಡಿಕಿ ಸುತ್ತಾಕಿ ಮಗ ಮಾಲಕನ ಮಗಳನ್ನ ಕೇಳ್ದ ಅಂತಾರ.'

'ಅನ್ನಲಿ.'

ಅವನು ಬುತ್ತಿಯನ್ನು ಅವ್ವನ ಪಕ್ಕದಲ್ಲಿಟ್ಟು ಹೊರಟ. ಗಾಡಿಗಳಂತೂ ಕೆಟ್ಟವೇ ಬರುತ್ತವೆ, ಇನ್ನೂ ಹೊತ್ತಿದೆ ಅಂದುಕೊಂಡ.

ಹದಿನೇಳನೆಯ ಭಾನುವಾರ ಒಳ್ಳೆಯ ಗಾಡಿ ಬಂತು.

ಕೊಲ್ಹಾಪುರದ ಒಬ್ಬ ಡಾಕ್ಟರರದು. ಜಪಾನಿ, ಹೈಬ್ರಿಡ್, ಮುತ್ತಿನ ಬಿಳುಪು, ಒಬ್ಬನೇ ಮಾಲಕ, ಓಡಿದ್ದು ನಲವತ್ತೊಂದು ಸಾವಿರ ಕಿಲೋಮೀಟರು. ಅಮರ ಕೆಳಗೆ ಮಲಗಿ ನೋಡಿದ. ಸ್ಕ್ಯಾನರ್ ಹಚ್ಚಿ ಬ್ಯಾಟರಿಯ ಒಂದೊಂದು ಭಾಗವನ್ನೂ ಓದಿದ. ಬೆಲ್ಟು ಎಳೆದ, ಬಾಗಿಲಿನ ರಬ್ಬರು ಬಿಡಿಸಿದ. ಕಾಗಲ್ ತನಕ ಓಡಿಸಿದ. ತಪ್ಪು ಸಿಗಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡ. ಸಿಗಲಿಲ್ಲ.

ಅಪ್ಪಣ್ಣ ಎಂದಿನಂತೆ ಹಲಗೆ ಇಳಿಸಿ ಕೂತಿದ್ದ. ಅವತ್ತು ಮೀಸೆ ತೀಡಲಿಲ್ಲ.

ಮೇಲಿನ ಕನ್ನಡಿಯಲ್ಲಿ ವೃಷಾಲಿ: 'ಬ್ಯಾಡ ಅನ್ನು.'

ಅಮರ ರಸ್ತೆ ನೋಡಿದ.

'ಅಮರ್, ಬ್ಯಾಡ ಅನ್ನು. ಇಲ್ಲಾಂದ್ರ ಇಲ್ಲೇ, ಈಗ, ಅಪ್ಪಗ ಕೇಳು.'

ಅಪ್ಪಣ್ಣ ಗಾಡಿ ಬದಿಗೆ ನಿಲ್ಲಿಸು ಅಂದ. ಮೂವರೂ ಇಳಿದರು. ಅಮರ ಬಾನೆಟ್ ಮೇಲೆ ಅಂಗೈ ಇಟ್ಟು ನಿಂತ. ಕೈಯ ಕೆಳಗೆ ಯಂತ್ರ ನಿದ್ದೆಹೋದ ಕೂಸಿನಂತೆ ಬೆಚ್ಚಗಿತ್ತು.

"ಹೇಳಪಾ," ಅಂದ ಅಪ್ಪಣ್ಣ. ಯಾವಾಗಲೂ ಕೂಗುವ ಮನುಷ್ಯ ಅವತ್ತು ಮೆತ್ತಗೆ ಕೇಳಿದ. "ಮನಸಿನ್ಯಾಗ ಏನೈತಿ, ಹೇಳು."

ಕೈಯ ಕೆಳಗಿನ ಗಾಡಿಯನ್ನು ಕೆಟ್ಟದ್ದು ಅನ್ನಲು ಅವನ ನಾಲಗೆ ಏಳಲಿಲ್ಲ. ಇನ್ನೊಂದು ಮಾತು ನಾಲಗೆಯ ತನಕ ಬಂದಿತ್ತು. ಅವ್ವನ ಕೈಯ ಕಂಡಿಕೆ ನೆನಪಾಯಿತು, ತಗಡಿನ ಗ್ಯಾರೇಜು ನೆನಪಾಯಿತು.

"ಗಾಡಿ ಚಲೋ ಐತಿ ಕಾಕಾ. ತಗೋರಿ."

"ಬ್ಯಾರೆ ಏನೂ ಇಲ್ಲ?"

"ಇಲ್ರಿ."

ಮರುದಿನ ಮಧ್ಯಾಹ್ನ ವೃಷಾಲಿ ಗ್ಯಾರೇಜಿಗೆ ಬಂದಳು. ಸ್ಕೂಟಿ ಆರಿಸಲಿಲ್ಲ, ಇಳಿಯಲೂ ಇಲ್ಲ.

"ಇವತ್ತ ಸಂಜಿಗೆ ಬರ್ತೇನಿ," ಅಂದ ಅಮರ. "ಕಾಕಾಗ ಎಲ್ಲಾ ಹೇಳ್ತೇನಿ."

"ಬರಬ್ಯಾಡ್ರಿ."

ಅಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಆದರೂ ಅವಳು 'ರೀ' ಅಂದಳು. ಅವನಿಗೆ ಅಷ್ಟರಲ್ಲೇ ತಿಳಿಯಿತು.

"ಮುಂಜಾನೆ ಅಪ್ಪ ತಾರೀಖ ಹಿಡಿಯೂ ಮುಂದ ನನ್ನ ಕೇಳಿದ. ನಾ ಹೂಂ ಅಂದೇನಿ. ಖರೇ ಹೇಳಾಕ ನಿಮಗ ಧೈರ್ಯ ಇದ್ದಿದ್ದಿಲ್ಲ, ಹೋಗ್ಲಿ. ಒಂದ ಸುಳ್ಳಾದ್ರೂ ಹೇಳಬೇಕಿತ್ತಲ್ರಿ, ನನ್ನ ಸಲುವಾಗಿ."

"ಗಾಡ್ಯಾಗ ತಪ್ಪು ಇರ್ಲಿಲ್ಲ ವೃಷಾಲಿ. ಇಲ್ಲದ್ದನ್ನ ಹೆಂಗ ಹೇಳ್ಲಿ? ಕಾಕಾ ನನ್ನ ನಂಬ್ಯಾರ."

"ಹೌದ್ರಿ. ನಾನೂ ನಂಬಿದ್ದೆ."

ಸ್ಕೂಟಿ ತಿರುಗಿಸಿದಳು. ರಸ್ತೆಗೆ ಇಳಿಯುವ ಮುಂಚೆ ಒಮ್ಮೆ ಹಿಂದಿರುಗಿ ನೋಡಿದಳು. ತುಟಿ ಆಡಿಸುತ್ತಾಳೇನೋ ಎಂದು ಅವನು ಕಣ್ಣು ಕೀಲಿಸಿ ನಿಂತ. ಅವಳ ತುಟಿ ಬಿಗಿದೇ ಇತ್ತು.

ಆ ಬಿಳಿ ಗಾಡಿ ಗಡಹಿಂಗ್ಲಜದ ಮನೆಯ ಮುಂದಿನ ಬಾಗಿಲಿಗೇ ಹೋಗಿ ನಿಂತಿತು. ಹಿಂದೆ ಒಮ್ಮೆ ಮಾಲನ್ನು ಹಿಂದಿನ ಬಾಗಿಲಿಗೆ ಕಳಿಸಿದ್ದ ಮಾವನೇ ಬಂದು ಕಾರಿನ ಬಾಗಿಲು ತೆಗೆದ. ಮದುವೆಯಾದ ಮೇಲೆ ಅಪ್ಪಣ್ಣ ಗಾಡಿಯನ್ನು ಮಗಳಿಗೇ ಕೊಟ್ಟುಬಿಟ್ಟ.

ಮೂರು ವರ್ಷ ಕಳೆದವು. ಅಮರ ಸ್ವಂತ ಜಾಗ ಕೊಂಡ, ಎರಡು ಲಿಫ್ಟ್ ಹಾಕಿದ. ತಾನು ಬೇಡ ಅಂದಿದ್ದ ಜರ್ಮನ್ ಗಾಡಿಗಳನ್ನು ಯಾರ್ಯಾರೋ ಕೊಂಡಿದ್ದರು. ಅವು ತಿಂಗಳಿಗೊಮ್ಮೆ ಅವನ ಬಾಗಿಲಿಗೆ ಬರುತ್ತಿದ್ದವು. ಬಿಳಿಯ ಗಾಡಿ ಮಾತ್ರ ವರ್ಷಕ್ಕೊಮ್ಮೆ ಡ್ರೈವರನ ಜೊತೆ ಬಂದು, ಆಯಿಲ್ ಬದಲಿಸಿಕೊಂಡು, ಒಂದು ತಾಸಿನೊಳಗೆ ತಿರುಗಿ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮೊದಲೆರಡು ವರ್ಷ ಯಾರೂ ಇರಲಿಲ್ಲ. ಮೂರನೆಯ ವರ್ಷ ಮಗುವಿನದೊಂದು ಸಣ್ಣ ಸೀಟು ಕಟ್ಟಿತ್ತು.

ಆ ವರ್ಷ ಗಾಡಿಯ ಜೊತೆ ಅಪ್ಪಣ್ಣ ಬಂದ. ಆಯಿಲ್ ಇಳಿಯುವ ತನಕ ಸ್ಟೂಲಿನ ಮೇಲೆ ಕೂತ.

"ಯಾಕೋ, ಲಗ್ನ ಯಾಕ ಆಗವಲ್ಲಿ?"

"ಆಗೂಣ್ರಿ ಕಾಕಾ."

ಅಪ್ಪಣ್ಣ ಗಾಡಿಯ ಕಡೆ ಕೈ ತೋರಿಸಿದ. "ಈ ಗಾಡ್ಯಾಗ, ಹಿಂದಿನ ಎಲ್ಲಾ ಗಾಡ್ಯಾಗನೂ, ಬಿಸಲಿನ ಹಲಗಿಯೊಳಗ ಒಂದ ಕನ್ನಡಿ ಇತ್ತಲ್ಲ? ಅದರಾಗ ಹಿಂದಿನ ಸೀಟು ಕಾಣ್ತದ."

ನಟ್ಟು ಬಿಗಿಯುತ್ತಿದ್ದ ಅಮರನ ಕೈಯಲ್ಲಿನ ಪಾನಾ ನಿಂತಿತು.

"ನಾನೂ ಇಪ್ಪತ್ತ ವರ್ಷ ಮಂದೀ ಮಗ್ಗ ನಡಿಸೇನಿ. ತುಟಿ ಓದಾಕ ನಿಮಗಿಬ್ರಿಗೇ ಬರ್ತದ ಅಂದ್ಕೊಂಡಿದ್ರೇನು? ಮೂರನೇ ರವಿವಾರಾನ ನನಗ ಗೊತ್ತಾತು. ನಾಕ ತಿಂಗಳ ಗಾಡಿ ಯಾಕ ಹುಡುಕಿದ್ನಿ ಮತ್ತ? ಇವ ಒಮ್ಮೆ ಬಾಯಿ ಬಿಡ್ಲಿ ಅಂತ."

"ನೀವೇ ಕೇಳಬೇಕಿತ್ತಲ್ರಿ..."

"ಕೇಳಿದ್ನಲ್ಲೋ ತಮ್ಮಾ. ಮನಸಿನ್ಯಾಗ ಏನೈತಿ ಹೇಳು ಅಂದೆ. ಬ್ಯಾರೆ ಏನೂ ಇಲ್ಲ ಅಂತನೂ ಕೇಳಿದೆ. ನೀ ಇಲ್ರಿ ಅಂದಿ. ತಾನಾಗಿ ಕೇಳಲಾರದಾಂವಗ ಮಗಳನ್ನ ಹೆಂಗ ಕೊಡ್ಲಿ?"

ಅಪ್ಪಣ್ಣ ಎದ್ದು, ಅವನ ಭುಜದ ಮೇಲೆ ಒಮ್ಮೆ ಕೈಯಿಟ್ಟು, ಮುಂದಿನ ಸೀಟಿನಲ್ಲಿ ಕೂತ. ಹಲಗೆ ಇಳಿಸಲಿಲ್ಲ.

ಗಾಡಿ ಹೋಯಿತು. ಅದು ಈವರೆಗೆ ಓಡಿದ್ದು ತೊಂಬತ್ತಾರು ಸಾವಿರ ಕಿಲೋಮೀಟರು. ಒಂದು ದಿನವೂ ಕೆಟ್ಟು ನಿಂತಿಲ್ಲ. ಅಮರನ ಮಾತು ಖರೆಯಾಯಿತು, ಸುತ್ತಲ ಊರಿನಲ್ಲಿ ಅವನ ಹೆಸರು ಉಳಿಯಿತು. ವೃಷಾಲಿ ಸಿಗಲಿಲ್ಲ.