ಶೀರ್ಷಾಸನ ಹಾಕಿದ ಸಾಲು

ಹೊಟ್ಟೆಕಿಚ್ಚಿನ ರಾಣಿಯೊಬ್ಬಳು ಬಾವಿಗೆ ಇಣುಕಿದರೆ ಸಾಕು, ನೀರು ಕೊತಕೊತ ಕುದಿಯುತ್ತಿತ್ತಂತೆ. ಅಜ್ಜಿ ಈ ಕಥೆ ಹೇಳಿದಾಗಲೆಲ್ಲ ನಾನು ರಾಣಿಯನ್ನು ಬೈಯುತ್ತಿದ್ದೆ. ಇವತ್ತು ತೊರೆಯ ದಂಡೆಯಲ್ಲಿ ಮಂಡಿಯೂರಿ ಕೂತಾಗ ಅವಳ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಪಾಪ, ಅವಳಿಗೂ ಯಾರೋ ಹಸಿರು ಸ್ಕಾರ್ಫಿನವಳು ಎದುರಾಗಿದ್ದಿರಬೇಕು.

ನನಗೆ ಎದುರಾದವಳು ಅನುದಾನ ಕೊಡುವ ಟ್ರಸ್ಟಿನಿಂದ ಜಾಗ ನೋಡಲು ಬಂದವಳು. ತೊರೆಯ ಎರಡೂ ದಂಡೆಗೆ ಮರ ಬೆಳೆಸಿ, ಮೀನಿಗೆ ನೆರಳನ್ನೂ ಮಿಂಚುಳ್ಳಿಗೆ ಗೂಡಿನ ಜಾಗವನ್ನೂ ಮರಳಿ ಕೊಡುತ್ತೇವೆಂದು ನಮ್ಮ ಪುಟ್ಟ ಸಂಸ್ಥೆ ಅರ್ಜಿ ಹಾಕಿತ್ತು. ಬರೆದವಳು ನಾನು. ನೆಡುವ ಕೆಲಸ ನಮ್ಮ ನರ್ಸರಿಯವನದು. ಅನುದಾನ ಬಾರದಿದ್ದರೆ ತಿಂಗಳ ಕೊನೆಗೆ ಆಫೀಸಿಗೆ ಬೀಗ, ನಾನು ಅಕ್ಕನ ಊರಿಗೆ. ಆಮೇಲೆ ಅವನಂತೆ ನನ್ನನ್ನು 'ಅರ್ಜಿ ಮೇಡಂ' ಎಂದು ಕರೆದು, ಆ ಕರೆಯಲ್ಲಿ ಚೂರು ನಗು, ಚೂರು ಇನ್ನೇನನ್ನೋ ಬೆರೆಸುವವರು ಯಾರು?

ಅವಳಿಗೆ ಒಂದು ಸಾಲು ನೆಟ್ಟು ತೋರಿಸಬೇಕಿತ್ತು, ಇವತ್ತು ನಾನೂ ಕೈ ಜೋಡಿಸಿದ್ದೆ. ನಾವು ಆರಿಸಿದ್ದ ಮರಕ್ಕೆ ಸಸಿ ಬೇಡ. ರೆಂಬೆಯ ತುಂಡನ್ನು ಒದ್ದೆ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ.

"ಮೊಗ್ಗು ಆಕಾಶ ನೋಡ್ಬೇಕು, ಅಷ್ಟೇ," ಎಂದು ನರ್ಸರಿಯವನು ಕಡ್ಡಿಗಳ ಕಟ್ಟನ್ನು ನನ್ನ ಕೈಗಿಟ್ಟ. ಬೆರಳಿಗೆ ಬೆರಳು ತಾಗಿತು. ಕೈ ತೆಗೆಯಲು ಅವನು ಕೊಂಚ ತಡಮಾಡಿದ ಅನ್ನಿಸಿತು. ಅಷ್ಟರಲ್ಲಿ ಅವಳು ಕಾರಿನಿಂದ ಇಳಿದಳು.

ಆಮೇಲೆ ಅವನು ನನ್ನತ್ತ ತಿರುಗಿದ್ದರೆ ಕೇಳಿ.

ಅವಳು ಜಾರುವ ಕಲ್ಲಿನ ಮೇಲೆ ಕಾಲಿಟ್ಟರೆ ಇವನ ಕೈ ಮುಂದೆ. ನನ್ನೆದುರು ಮಾತಾಡಿದರೆ ಮುತ್ತು ಉದುರೀತು ಎಂಬಂತಿರುವ ಮನುಷ್ಯ, ಅವಳ ಪಕ್ಕ ಬಗ್ಗಿ ಏನೇನೋ ಹೇಳುತ್ತಲೇ ಇದ್ದ. ತೊರೆಯ ಸದ್ದಿಗೆ ಒಂದಕ್ಷರವೂ ಕೇಳಿಸದು. ಅವಳು ನಕ್ಕಳು. ಸ್ಕಾರ್ಫಿನ ತುದಿ ಗಾಳಿಗೆ ಹಾರಿ ಅವನ ಭುಜ ಮುಟ್ಟಿತು. ಒಂದು ತುಂಡು ಬಟ್ಟೆಗೆ ಎಷ್ಟು ಧೈರ್ಯ.

ಅವಳು ನಕ್ಕಾಗ ಒಂದು ಕಡ್ಡಿ ಚುಚ್ಚಿದೆ. ಅವನು ತಲೆಯಾಡಿಸಿದಾಗ ಇನ್ನೊಂದು. ಕಣ್ಣು ಅಲ್ಲಿ, ಕೈ ಇಲ್ಲಿ.

"ಇದನ್ನ ಯಾರು ನೆಟ್ಟಿದ್ದು?"

ಹಸಿರು ಸ್ಕಾರ್ಫು ನನ್ನ ಸಾಲಿನ ಮುಂದೆ ನಿಂತಿತ್ತು. ಆಗ ನೋಡಿದೆ. ಬುಡಗಳೆಲ್ಲ ಆಕಾಶಕ್ಕೆ, ಮೊಗ್ಗುಗಳೆಲ್ಲ ನೆಲಕ್ಕೆ. ಇಡೀ ಸಾಲು ಶೀರ್ಷಾಸನ ಹಾಕಿತ್ತು.

"ನಾನೇ ಮೇಡಂ," ಎಂದ ನರ್ಸರಿಯವನು. "ಕೈ ತಪ್ತು."

ಅವಳು ಅವನನ್ನು ನೋಡಿದಳು, ಆಮೇಲೆ ನನ್ನ ಮಣ್ಣು ಮೆತ್ತಿದ ಕೈಗಳನ್ನು. "ತಾತನ ಕಾಲದಿಂದ ಗಿಡ ಮಾಡೋ ಮನೆತನ ಅಂದ್ರಿ ಈಗ್ತಾನೆ. ಬುಡ ಯಾವುದು ತುದಿ ಯಾವುದು ಗೊತ್ತಾಗದಿದ್ರೆ ನಿಮ್ಮನ್ನ ನಂಬಿ ಅನುದಾನ ಹೇಗೆ ಕೊಡ್ಲಿ?"

ಅವನ ಕಿವಿ ಕೆಂಪಾಯಿತು. ಗಿಡದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂದು ಬದುಕುವವನು, ನನಗಾಗಿ ಆ ಮಾನವನ್ನೇ ಕೆಸರಿಗಿಟ್ಟು ನಿಂತಿದ್ದ.

"ನೆಟ್ಟಿದ್ದು ನಾನು," ಎಂದೆ. "ಅವರನ್ನ ಬೈಬೇಡಿ. ನಾನು ಕಡ್ಡಿ ನೋಡ್ಲೇ ಇಲ್ಲ, ನಿಮ್ಮಿಬ್ಬರನ್ನ ನೋಡ್ತಿದ್ದೆ."

"ನಮ್ಮನ್ನ ಯಾಕೆ?"

"ಅವರು ನನ್ನ ಹತ್ರ ಯಾವತ್ತೂ ಅಷ್ಟೊಂದು ಮಾತಾಡಿಲ್ಲ."

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವಳು ಬಾಯಿಗೆ ಸ್ಕಾರ್ಫು ಅಡ್ಡ ಹಿಡಿದು ನಕ್ಕಳು. "ಆಡಿದ್ದು ಹೆಚ್ಚಾಗಿ ನಿಮ್ಮ ವಿಷಯಾನೇ ಕಣ್ರೀ. ನಮ್ಮ ಟ್ರಸ್ಟು ನೆಡೋದಕ್ಕೆ ಕೊಡುತ್ತೆ, ಆಮೇಲೆ ನೋಡ್ಕೊಳ್ಳೋದಕ್ಕೆ ಕೊಡಲ್ಲ. ಬರೀ ನೆಟ್ಟು ಹೋದ್ರೆ ಮೊದಲ ಬೇಸಿಗೆಗೇ ಒಣಗುತ್ತೆ, ಕಾಯೋದಕ್ಕೆ ಅರ್ಜಿ ಮೇಡಂ ಇಲ್ಲೇ ಇರ್ಬೇಕು ಅಂತ ಬಂದಾಗಿಂದ ತಲೆ ತಿಂದಿದ್ದಾರೆ."

ನಾನು ಅವನತ್ತ ನೋಡಿದೆ. ಅವನು ತೊರೆಯತ್ತ ನೋಡಿದ.

"ನಾನೂ ಒಪ್ಪಿರ್ಲಿಲ್ಲ," ಎಂದಳು ಅವಳು. "ಈ ಸಾಲು ನೋಡಿದ್ಮೇಲೆ ಒಪ್ಪಿದೆ. ನೆಟ್ಟ ಮಾತ್ರಕ್ಕೆ ಮುಗಿಯಲ್ಲ, ಆಮೇಲೂ ನೋಡಿ ತಿದ್ದೋ ಕಣ್ಣು ಬೇಕು. ಅದನ್ನೂ ಸೇರಿಸಿ ಕೊಡಿ ಅಂತ ಶಿಫಾರಸು ಮಾಡ್ತೀನಿ." ಅವನತ್ತ ತಿರುಗಿದಳು. "ಕಡ್ಡಿ ನೆಡುವಾಗ ಮಾತ್ರ ನೀವು ಇವರ ಕಣ್ಣಿಗೆ ಬೀಳ್ಬೇಡಿ, ಆಯ್ತಾ?"

ಕಾರು ಹೋಯಿತು. ಅವನು ನನ್ನ ಪಕ್ಕ ಮಂಡಿಯೂರಿ ಮೊದಲ ಕಡ್ಡಿಯನ್ನು ಕಿತ್ತ.

"ಇನ್ಮೇಲಾದ್ರೂ ನನ್ನ ಹತ್ರ ಮಾತಾಡ್ತೀರಾ?" ಎಂದೆ.

"ಭಯ ಆಗುತ್ತೆ. ಅವರ ಹತ್ರ ಮಾತು ತಪ್ಪಿದ್ರೆ ಅನುದಾನ ಹೋಗುತ್ತೆ. ನಿಮ್ಮ ಹತ್ರ ತಪ್ಪಿದ್ರೆ..."

ಅವನು ಕಡ್ಡಿಯನ್ನು ತಿರುಗಿಸಿ ನನ್ನ ಅಂಗೈಯಲ್ಲಿಟ್ಟು, ಅದರ ಸುತ್ತ ನನ್ನ ಬೆರಳುಗಳನ್ನೂ ನನ್ನ ಬೆರಳುಗಳ ಸುತ್ತ ತನ್ನವನ್ನೂ ಮಡಚಿ, ಮಣ್ಣಿಗೆ ಒತ್ತಿದ. ಈ ಸಲ ಕೈ ತೆಗೆಯಲೇ ಇಲ್ಲ.

ಹೊಟ್ಟೆಕಿಚ್ಚು ಅಷ್ಟು ಬೇಗ ಆರುತ್ತದೆಯೇ. "ಸ್ಕಾರ್ಫು ಚೆನ್ನಾಗಿತ್ತು, ಅಲ್ವಾ?" ಎಂದು ಕೆಣಕಿದೆ.

ಅವನು ಹುಬ್ಬು ಗಂಟಿಕ್ಕಿದ. "ಯಾವ ಸ್ಕಾರ್ಫು?"